ಸೈಕಲ್ ಪದಕದ ಊಟಕ್ಕೆ ಹೋಗಿದ್ದು

ಹೆಲ್ಮೆಟ್ ಇಲ್ಲದೆ ಯಾರ ಗುರುತೂ ಹತ್ತಲಿಲ್ಲ. ಹುಬ್ಬಳ್ಳಿ ಗೋಕುಲ ರೋಡಿನ ಆ ಹಾಲ್‌ನಲ್ಲಿ ಸುಮಾರು ನಲವತ್ತು ಜನ ಇದ್ದರು. ಅವರಲ್ಲಿ ಅರ್ಧ ಜನರ ಜೊತೆ ನಾನು ರಾತ್ರಿಯಿಡೀ ಸೈಕಲ್ ತುಳಿದಿದ್ದೇನೆ. ಆದರೆ ನನಗೆ ಗೊತ್ತಿದ್ದದ್ದು ಅವರ ಬೆನ್ನು, ಹಿಂದಿನ ಕೆಂಪು ದೀಪ, ದನಿ ಅಷ್ಟೇ. ಒಬ್ಬರು ಹತ್ತಿರ ಬಂದು "ಆರಾಮ ಅದೀರೇನ್ರಿ ಟೀಚರ್?" ಅಂದಾಗಲೇ ತಿಳಿಯಿತು: ರಾಣೆಬೆನ್ನೂರಿನ ಹತ್ತಿರ ಎದುರುಗಾಳಿ ಬೀಸುವಾಗ ಮುಂದೆ ತುಳಿಯುತ್ತಾ ಗಾಳಿಗೆ ಮರೆಯಾಗಿ ನನ್ನನ್ನು ಕರೆದುಕೊಂಡು ಹೋದವರು ಇವರೇ.

ನಾನು ಧಾರವಾಡದಲ್ಲಿ ಗಣಿತ ಕಲಿಸುವ ಟೀಚರ್, ರೇಸ್ ಮಾಡುವವಳಲ್ಲ. ನಾವು ತುಳಿಯುವುದು ಬಿಆರ್‌ಎಂ, ಅಂದರೆ ಗೊತ್ತುಮಾಡಿದ ಟೈಮಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಇದರಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. ಟೈಮಿನೊಳಗೆ ಮುಗಿಸಿದರೆ ಆಯಿತು. ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಒಂದು ಸೀಸನ್ನಿನಲ್ಲಿ ನಾಲ್ಕನ್ನೂ ಮುಗಿಸಿದವರಿಗೆ 'ಸೂಪರ್ ರಾಂಡನರ್' ಅನ್ನುತ್ತಾರೆ. ಫಲಿತಾಂಶ ಈ ರೈಡುಗಳ ನಿಯಮ ಮಾಡುವ ಪ್ಯಾರಿಸ್‌ನ ಸೈಕಲ್ ಕ್ಲಬ್ಬಿಗೆ ಹೋಗಿ, ಅಲ್ಲಿ ಒಪ್ಪಿಗೆಯಾಗಬೇಕು. ಆಮೇಲೆ ಪದಕ. ಹಾಗಾಗಿ ಸೀಸನ್ ಮುಗಿದು ತಿಂಗಳುಗಳಾದ ಮೇಲೆ ಈ ಊಟ.

ಪಾಸ್ ನನಗೊಂದು, ಜೊತೆಗೆ ಬರುವವರಿಗೊಂದು. ನಮ್ಮ ಮನೆಯವರು ಯೋಚನೆ ಮಾಡಲೇ ಇಲ್ಲ. "ಅವ್ವನ್ನ ಕರ್ಕೊಂಡು ಹೋಗು. ನೀ ತುಳಿಯೂ ರಾತ್ರಿ ನಿದ್ದಿ ಬಿಟ್ಟಾಕಿ ಆಕಿ" ಅಂದರು. ನಿಜ. ಪ್ರತಿ ರೈಡಿಗೂ ಶೇಂಗಾ ಉಂಡಿ ಕಟ್ಟಿಕೊಟ್ಟವರು ನಮ್ಮ ಅತ್ತೆ. ಅವರ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆಯನ್ನೇ ಉಟ್ಟು ಹೋದೆ. ಬಹಳ ಜನ ಕ್ಲಬ್ಬಿನ ಜೆರ್ಸಿಯಲ್ಲಿ ಬಂದಿದ್ದರು. ನನಗೆ ಸೀರೆಯೇ ಸರಿ ಅನ್ನಿಸಿತು. ಮುಂಗೈ ಮೇಲೆ ಗ್ಲೌಸಿನ ಗೆರೆಯವರೆಗೆ ಬಿಸಿಲಿಗೆ ಕಪ್ಪಾದದ್ದು ಎದ್ದು ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳಬೇಕು ಅಂತ ಅನ್ನಿಸಲಿಲ್ಲ.

ಮೊದಲ ಸಲ ಹೋಗುವವರು ಇಷ್ಟು ನೆನಪಿಟ್ಟುಕೊಳ್ಳಿ. ಊಟ ಅಂತ ಕರೆದಿದ್ದರೂ ಊಟ ತಡವಾಗುತ್ತದೆ, ಸಂಜೆ ಆರಕ್ಕೇ ಏನಾದರೂ ತಿಂದು ಹೊರಡಿ. ನಾವು ಗಿರ್ಮಿಟ್ ತಿಂದು ಚಿಗರಿ ಬಸ್ ಹತ್ತಿದೆವು. ವಾಪಸ್ ಬರುವ ಕಡೆಯ ಬಸ್ಸಿನ ಟೈಮ್ ಮೊದಲೇ ಕೇಳಿಕೊಂಡಿರಿ.

ನನಗೆ ಕಷ್ಟವಾದದ್ದು ವೇದಿಕೆಯ ಮೇಲೆ ಆಡಬೇಕಾದ ಮಾತು. ಪ್ರತಿಯೊಬ್ಬರಿಗೂ ಎರಡು ನಿಮಿಷ. ನಾನು ಕಿಲೋಮೀಟರ್, ಗಂಟೆ, ಏರು ಎಲ್ಲಾ ಲೆಕ್ಕ ಹಾಕಿ ಒಂದು ಪುಟ ಬರೆದಿದ್ದೆ. ಹಿಂದಿನ ದಿನ ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಕೇಳಿ, "ಆ ರಾತ್ರಿ ನಿನಗ ಚಹಾ ಕೊಟ್ಟಾಂವನ ಹೆಸರೇ ಇಲ್ಲಲ್ಲವಾ ಇದರಾಗ?" ಅಂದರು.

ಹೆಸರು ನಾನು ಕೇಳಿಯೇ ಇರಲಿಲ್ಲ. ಅದು 400ರ ರೈಡ್, ಹುಬ್ಬಳ್ಳಿಯಿಂದ ಚಿತ್ರದುರ್ಗಕ್ಕೆ ಹೋಗಿ ವಾಪಸ್. ನಸುಕಿನ ಮೂರೂವರೆ ಹೊತ್ತಿಗೆ ಬಂಕಾಪುರದ ಹತ್ತಿರ ಹಿಂದಿನ ಟೈರ್ ಹರಿಯಿತು. ಒಡೆದ ಲಾರಿ ಟೈರಿನ ತಂತಿ ಚೂರು ರೋಡಿನ ಮೇಲೆ ಬಿದ್ದಿರುತ್ತದೆ, ಅದು ನುಗ್ಗಿತ್ತು. ಹೊಸ ಟ್ಯೂಬ್ ಹಾಕಿದರೂ ಹರಿದ ಜಾಗದಲ್ಲಿ ಉಬ್ಬಿ ಅದೂ ಒಡೆಯಿತು. ನಮ್ಮವರ ಗಾಡಿ ನಡುದಾರಿಯಲ್ಲಿ ಬಂದು ಸಹಾಯ ಮಾಡುವ ಹಾಗಿಲ್ಲ, ನಿಯಮ. ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ರಿಪೇರಿ ಮಾಡಿಸಬಹುದು. ಸೈಕಲ್ ನೂಕಿಕೊಂಡು ಹೋಗಿ ಒಂದು ಲಾರಿ ಪಂಚರ್ ಅಂಗಡಿಯ ಮುಂದೆ ಮಲಗಿದ್ದವರನ್ನು ಎಬ್ಬಿಸಿದೆ. ಅವರು ಹಳೇ ಟ್ಯೂಬಿನ ತುಂಡು ಕತ್ತರಿಸಿ ಟೈರಿನ ಒಳಗೆ ಒತ್ತುಕೊಟ್ಟು ಕೂರಿಸಿದರು. ಒಡೆದ ಟ್ಯೂಬಿಗೆ ಪ್ಯಾಚ್ ಹಾಕಿದರು. ಚಹಾ ಕಾಯಿಸಿದರು. ದುಡ್ಡು ತಗೊಳ್ಳಲಿಲ್ಲ. ಆ ತುಂಡಿನ ಮೇಲೆಯೇ ಹುಬ್ಬಳ್ಳಿ ಮುಟ್ಟಿದೆ, 26 ಗಂಟೆ ಹತ್ತು ನಿಮಿಷಕ್ಕೆ.

ಬರೆದ ಪುಟ ಹರಿದು ಹಾಕಿದೆ. ವೇದಿಕೆಯ ಮೇಲೆ ಅವರ ಬಗ್ಗೆ ಮಾತ್ರ ಹೇಳಿದೆ. ದನಿ ನಡುಗಿತು, ಆದರೂ ಪೂರ್ತಿ ಹೇಳಿದೆ. ನನ್ನ ನಂತರ ಬಂದವರೊಬ್ಬರು ಶಿಗ್ಗಾಂವಿಯಲ್ಲಿ ತಮಗೆ ಮಲಗಲು ಕಟ್ಟೆ ಬಿಟ್ಟುಕೊಟ್ಟ ಅಜ್ಜನ ಕಥೆ ಹೇಳಿದರು. ಆಮೇಲೆ ಇನ್ನೊಬ್ಬರು. ಊಟ ಇನ್ನೂ ತಡವಾಯಿತು, ಯಾರೂ ಎದ್ದು ಹೋಗಲಿಲ್ಲ. ಅತ್ತೆ ಪದಕವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಪದಕದ ಜೊತೆ ಹಾವೇರಿಯ ಏಲಕ್ಕಿ ಹಾರ ಹಾಕಿದ್ದರು. ಮುಂದಿನ ಭಾನುವಾರ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಬಂಕಾಪುರಕ್ಕೆ ತುಳಿದೆ. ಅಂಗಡಿಯವರು ಹಗಲು ಬೆಳಕಿನಲ್ಲಿ ನನ್ನ ಗುರುತು ಹಿಡಿಯಲಿಲ್ಲ. ಸೈಕಲ್ ನೋಡಿ ಹಿಡಿದರು. ಹಾರವನ್ನು ಅವರ ಕೈಗೆ ಕೊಟ್ಟು ಈ ಸಲ ಹೆಸರು ಕೇಳಿದೆ. ಅವರು ಹೆಸರು ಹೇಳಿ, ಬಗ್ಗಿ ನನ್ನ ಹಿಂದಿನ ಗಾಲಿ ಒತ್ತಿ ನೋಡಿದರು.

"ಗಾಳಿ ಕಡಿಮಿ ಐತ್ರಿ ಅಕ್ಕಾರ. ನಿಲ್ರಿ, ಹಾಕ್ತೀನಿ."