ಸೀತಾನದಿಗೆ ಕಯಾಕ್ ಇಳಿಸುವ ಮುಂಚೆ ನಾನು ಎಣಿಸುವ ಮೆಟ್ಟಿಲುಗಳು

ಉಡುಪಿ ಜಿಲ್ಲೆಯ ಹೆಬ್ರಿ ಕಡೆ ಸೀತಾನದಿಯ ದಂಡೆಯಲ್ಲಿ ಪರಿಚಯದವರ ಅಡಿಕೆ ತೋಟವಿದೆ. ತೋಟದಿಂದ ಹೊಳೆಗೆ ಇಳಿಯಲು ಹದಿನಾಲ್ಕು ಕಲ್ಲಿನ ಮೆಟ್ಟಿಲು. ಒಂದೊಂದು ಹೆಚ್ಚುಕಡಿಮೆ ಒಂದು ಗೇಣು ಎತ್ತರ. ಡಿಸೆಂಬರ್‌ನಲ್ಲಿ ಹದಿನಾಲ್ಕೂ ಒಣಗಿರುತ್ತವೆ. ಮಳೆಗಾಲದಲ್ಲಿ ನಾನು ಆ ಮನೆಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಅಕ್ಕ, ಎಷ್ಟು ಮೆಟ್ಟಿಲು ಕಾಣ್ತದೆ?"

ಒಂಬತ್ತಕ್ಕಿಂತ ಜಾಸ್ತಿ ಕಂಡರೆ ನೀರು ಸಾಲದು, ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ತಳ ಬಂಡೆಗೆ ಉಜ್ಜುತ್ತದೆ. ಏಳಕ್ಕಿಂತ ಕಡಿಮೆ ಕಂಡರೆ ನಾನು ಹೋಗುವುದಿಲ್ಲ. ಏಳು, ಎಂಟು, ಒಂಬತ್ತು ನನ್ನ ಅಳತೆ. ಇದು ನನ್ನ ಕೈಬಲಕ್ಕೆ, ನಾನು ಇಳಿಯುವ ಐದಾರು ಕಿಲೋಮೀಟರ್‌ಗೆ ಮಾತ್ರ ಸರಿ. ಬೇರೆಯವರು ತಮ್ಮದನ್ನು ತಾವೇ ಕಂಡುಕೊಳ್ಳಬೇಕು.

ದೊಡ್ಡ ನದಿಗಳಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿರುತ್ತವೆ, ಮಟ್ಟ ಅಂತರ್ಜಾಲದಲ್ಲೇ ಸಿಗುತ್ತದೆ. ನಾವು ಇಳಿಯುವ ಇಂಥ ಘಟ್ಟದ ಬುಡದ ಹೊಳೆಗೆ ನಾನು ನಂಬುವುದು ಈ ಮೆಟ್ಟಿಲನ್ನೇ. ಒಂದು ಡಿಸೆಂಬರ್‌ನಲ್ಲಿ ಹಗ್ಗ ಮತ್ತು ಬಿದಿರು ಕೋಲು ಹಿಡಿದು ಅಲ್ಲಿ ಹೊಳೆಯ ಅಗಲ, ಆಳ ಅಳೆದೆ. ಆಮೇಲೆ ಮಳೆಗಾಲದಲ್ಲಿ ಎಂಟು ಮೆಟ್ಟಿಲು ಕಾಣುವ ದಿನ ಸಿಪ್ಪೆ ಸಮೇತ ಒಣ ತೆಂಗಿನಕಾಯಿ ತೇಲಿ ಬಿಟ್ಟೆ. ಎಲೆ, ಕಡ್ಡಿ ಗಾಳಿಗೆ ಆಚೀಚೆ ಹೋಗುತ್ತವೆ. ತೆಂಗಿನಕಾಯಿ ಅರ್ಧ ಮುಳುಗಿ ನೀರಿನ ಜೊತೆಗೇ ಸಾಗುತ್ತದೆ. ಮೂವತ್ತು ಮೀಟರ್ ಹೋಗಲು 20 ಸೆಕೆಂಡ್ ಬೇಕಾಯಿತು. ಆ ಮಟ್ಟದಲ್ಲಿ ಅಗಲ 20 ಮೀಟರ್, ಸರಾಸರಿ ಆಳ 1.3 ಮೀಟರ್, ವೇಗ ಸೆಕೆಂಡಿಗೆ 1.5 ಮೀಟರ್. ಮೂರನ್ನೂ ಗುಣಿಸಿದೆ. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕೆ ಮತ್ತೆ 0.85ರಿಂದ ಗುಣಿಸಬೇಕು. ಸೆಕೆಂಡಿಗೆ ಸುಮಾರು 33 ಘನ ಮೀಟರ್ ಬಂತು, ಅಂದರೆ ಹತ್ತಿರಹತ್ತಿರ 1,170 ಕ್ಯುಸೆಕ್. ಒಂದೊಂದು ಸೆಕೆಂಡಿಗೆ 33 ಟನ್ ನೀರು! ನೀರಿನ ವೇಗ ಎರಡು ಪಟ್ಟಾದರೆ ನಿಂತವನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದ ನೀರು ತಾನೇ ಎಂದು ಇಳಿದವರು ಕೊಚ್ಚಿಹೋಗುವುದು ಹೀಗೆ.

ಆದರೆ ಮೆಟ್ಟಿಲಿನ ಲೆಕ್ಕವೊಂದೇ ಸಾಲದು. ಅದು ಒಂದು ಭಾನುವಾರ ನನಗೆ ಗೊತ್ತಾಯಿತು.

ಆಗಸ್ಟ್ ತಿಂಗಳು. ಎಂಟು ಮೆಟ್ಟಿಲು ಕಾಣುತ್ತಿದ್ದವು. ಹೆಬ್ರಿಯಲ್ಲಿ ಒಳ್ಳೆಯ ಬಿಸಿಲು. ಹಿಂದಿನ ರಾತ್ರಿ ಆಗುಂಬೆಯ ಮಳೆ ಲೆಕ್ಕ ನೋಡಿದ್ದೆ, ತೀರಾ ಕಡಿಮೆ ಇತ್ತು. ಬೆಂಗಳೂರಿನಿಂದ ಇಬ್ಬರು ಗೆಳೆಯರು ರಜೆ ಹಾಕಿ ಬಂದಿದ್ದರು. ಹತ್ತು ಗಂಟೆಗೆ ಇಳಿದೆವು. ಮುಕ್ಕಾಲು ಗಂಟೆ ಕಳೆದ ಮೇಲೆ ಒಂದು ದೊಡ್ಡ ಬಂಡೆಯ ಹಿಂದೆ ನಿಂತು ದಣಿವಾರಿಸಿಕೊಳ್ಳುತ್ತಿದ್ದೆವು. ಬಂಡೆ ನೀರನ್ನು ತಡೆಯುವುದರಿಂದ ಅದರ ಹಿಂದೆ ಹೊಳೆ ತಿರುಗಿ ಮೆತ್ತಗಾಗುತ್ತದೆ, ನಾವು ಅದನ್ನು ಎಡ್ಡಿ ಎನ್ನುತ್ತೇವೆ. ನೋಡ್ತಾ ನೋಡ್ತಾ ಆ ಎಡ್ಡಿ ಚಿಕ್ಕದಾಯಿತು. ತಿಳಿ ನೀರು ಚಹಾ ಬಣ್ಣಕ್ಕೆ ತಿರುಗಿತು. ತರಗೆಲೆ, ಕಡ್ಡಿ, ನೊರೆ ಗುಂಪುಗುಂಪಾಗಿ ಬರತೊಡಗಿದವು. ಹೊಳೆಯ ಸದ್ದೇ ದಪ್ಪಗಾಯಿತು. ನಾನು ಮಾತೇ ಆಡಲಿಲ್ಲ, ದಂಡೆಯ ಕಡೆ ಕೈ ತೋರಿಸಿದೆ. ಎಡ ದಂಡೆಗೆ ಹತ್ತಿ, ಕಯಾಕ್‌ಗಳನ್ನು ಮರಕ್ಕೆ ಕಟ್ಟಿ, ತೋಟದೊಳಗಿಂದ ನಡೆದು ರಸ್ತೆ ಸೇರಿದೆವು. ಮಧ್ಯಾಹ್ನ ಒಂದು ಗಂಟೆಗೆ ಬಂದು ನೋಡಿದರೆ ನಾವು ನಿಂತಿದ್ದ ಬಂಡೆಯೇ ಕಾಣಲಿಲ್ಲ.

ತಪ್ಪು ನನ್ನದೇ. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ. ನಾನು ರಾತ್ರಿ ನೋಡಿದ್ದು ಶನಿವಾರ ಬೆಳಿಗ್ಗೆಗೆ ಮುಗಿದ ಲೆಕ್ಕ. ಘಾಟಿಯ ಮೇಲೆ ಮಳೆ ಸುರಿದದ್ದು ಭಾನುವಾರ ಬೆಳಗಿನ ಜಾವ. ಸೀತಾನದಿ ಹುಟ್ಟುವುದು ನರಸಿಂಹ ಪರ್ವತದ ಕಡೆ, ಆಗುಂಬೆಯ ಪಕ್ಕ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಜಾಗ ಅದು. ಅಲ್ಲಿ ಬಿದ್ದ ನೀರು ಕಡಿದಾದ ಘಟ್ಟ ಇಳಿದು ಕೆಲವೇ ಗಂಟೆಗಳಲ್ಲಿ ನಮ್ಮ ಕಾಲಡಿ ಬರುತ್ತದೆ. ಹೆಬ್ರಿಯ ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲ.

ಅವತ್ತಿನಿಂದ ಬೆಳಿಗ್ಗೆ ಐದೂವರೆಗೆ ಆಗುಂಬೆಯ ಒಬ್ಬ ಪರಿಚಯದವರಿಗೆ ಫೋನ್ ಮಾಡುತ್ತೇನೆ. ಅವರು ಅಂಗಳದಲ್ಲಿ ಒಂದು ನೇರ ಗೋಡೆಯ ಡಬ್ಬ ಇಟ್ಟಿದ್ದಾರೆ, ರಾತ್ರಿ ಮಲಗುವಾಗ ಖಾಲಿ ಮಾಡುತ್ತಾರೆ. "ನಾಲ್ಕು ಬೆರಳು ನಿಂತಿದೆ, ಇವತ್ತು ಬೇಡ ಮಾರಾಯ್ರೆ" ಅಂದರೆ ಮುಗಿಯಿತು, ವಾದವಿಲ್ಲ. ಇಲಾಖೆಯ ಮುನ್ಸೂಚನೆಯನ್ನೂ ನೋಡುತ್ತೇನೆ. ಅವರ ಭಾಷೆಯಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಇನ್ನೂ ಮೇಲಿನದು. ಉಡುಪಿ ಅಥವಾ ಶಿವಮೊಗ್ಗ, ಎರಡರಲ್ಲಿ ಯಾವ ಜಿಲ್ಲೆಗೆ ಆರೆಂಜ್ ಅಲರ್ಟ್ ಬಂದರೂ ನಮ್ಮ ಪ್ರವಾಸ ರದ್ದು. ಹೊಳೆ ಉಡುಪಿಯಲ್ಲಿದ್ದರೂ ಮೋಡ ಜಿಲ್ಲೆಯ ಗಡಿ ನೋಡುವುದಿಲ್ಲ ಅಲ್ವಾ?

ತಿಂಗಳನ್ನೂ ಗಮನಿಸಬೇಕು. ಜೂನ್ ಮೊದಲ ಮಳೆಯನ್ನು ನೆಲವೇ ಕುಡಿದುಬಿಡುತ್ತದೆ. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ನೆಲದ ಹೊಟ್ಟೆ ತುಂಬಿರುತ್ತದೆ. ಅಷ್ಟೇ ಮಳೆ ಬಿದ್ದರೂ ಹೊಳೆ ಎರಡು ಮೆಟ್ಟಿಲು ಜಾಸ್ತಿ ಏರುತ್ತದೆ.

ಎಲ್ಲಕ್ಕಿಂತ ಹೆಚ್ಚು ನಾನು ನಂಬುವುದು ಒಂದು ಕಡ್ಡಿಯನ್ನು. ಒಂದು ಗಂಟೆ ಮುಂಚೆಯೇ ಹೋಗಿ ನೀರಿನ ಅಂಚಿಗೆ ಸರಿಯಾಗಿ ಕಡ್ಡಿ ನೆಡುತ್ತೇನೆ. ಅಕ್ಕ ಕೊಡುವ ಚಹಾ ಕುಡಿದು, ಸಾಮಾನು ಜೋಡಿಸಿ, ಮತ್ತೆ ನೋಡುತ್ತೇನೆ. ಕಡ್ಡಿಯ ಬುಡ ಒಣಗಿದ್ದರೆ ನೀರು ಇಳಿಯುತ್ತಿದೆ. ಮುಳುಗಿದ್ದರೆ, ಒಂದೇ ಬೆರಳಾದರೂ ಸರಿ, ಕಯಾಕ್ ವಾಪಸ್ ಗಾಡಿ ಮೇಲೆ. ಎಂಟು ಮೆಟ್ಟಿಲಿನ ಇಳಿಯುವ ಹೊಳೆ ಮತ್ತು ಎಂಟು ಮೆಟ್ಟಿಲಿನ ಏರುವ ಹೊಳೆ ಎರಡೂ ಬೇರೆ ಬೇರೆ ಹೊಳೆಗಳು. ಏರುವ ನೀರು ದಂಡೆಯ ಮರ, ದಿಮ್ಮಿಗಳನ್ನೂ ಎಳೆದು ತರುತ್ತದೆ. ಅಡ್ಡ ಬಿದ್ದ ಮರದ ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಕಾಳಿ ನದಿಗೆ ಈ ಲೆಕ್ಕ ಯಾವುದೂ ಹಿಡಿಯುವುದಿಲ್ಲ. ಗಣೇಶಗುಡಿಯಲ್ಲಿ ನೀರು ಬರುವುದು ಸೂಪಾ ಅಣೆಕಟ್ಟಿನಿಂದ. ಅಲ್ಲಿ 50 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಅವು ಓಡಿದರೆ ಹೊಳೆ, ನಿಂತರೆ ಬರೀ ಬಂಡೆ. ಕಡು ಬೇಸಿಗೆಯಲ್ಲೂ ನೀರು ಏರಬಹುದು. ಅಲ್ಲಿ ಆಕಾಶ ನೋಡಿ ಉಪಯೋಗವಿಲ್ಲ, ಅಂದು ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಎಂದು ಅಲ್ಲಿನವರನ್ನೇ ಕೇಳಬೇಕು.

ಕರಾವಳಿಯ ಹೊಳೆಗಳಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಕಿಂಡಿ ಅಣೆಕಟ್ಟು, ಅಂದರೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಗಿಡ್ಡ ಕಟ್ಟೆ. ದೂರದಿಂದ ಏನೂ ಕಾಣುವುದಿಲ್ಲ, ಹೊಳೆ ಸಪಾಟಾಗಿರುತ್ತದೆ. ನೀರು ಅದರ ಮೇಲಿಂದ ಬಿದ್ದು ಬುಡದಲ್ಲಿ ಹಿಂದಕ್ಕೆ ಸುರುಳಿ ಸುತ್ತುತ್ತದೆ. ಅದರಲ್ಲಿ ಬಿದ್ದರೆ ಲೈಫ್ ಜಾಕೆಟ್ ಹಾಕಿದ್ದವರೂ ಹೊರಬರುವುದು ಕಷ್ಟ. ಮಳೆಗಾಲಕ್ಕೆ ಹಲಗೆ ತೆಗೆದಿದ್ದರೂ ಕಿಂಡಿಗಳಲ್ಲಿ ಮರ ಸಿಕ್ಕಿರುತ್ತದೆ. ಹಾಗಾಗಿ ಬೇಸಿಗೆಯಲ್ಲೇ ದಂಡೆಯುದ್ದಕ್ಕೂ ನಡೆದು ಅಂಥ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡಿದ್ದೇನೆ, ಜೊತೆಗೆ ಮಧ್ಯದಲ್ಲಿ ಹತ್ತಿ ರಸ್ತೆ ಸೇರಬಹುದಾದ ನಾಲ್ಕು ಕಡೆಗಳನ್ನೂ. ಸೋಮೇಶ್ವರ ಅಭಯಾರಣ್ಯದ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೀರಿಗೆ ಇಳಿಯಬಾರದೆಂದು ಜಿಲ್ಲಾಡಳಿತ ಹೇಳಿದ ದಿನಗಳಲ್ಲಿ ನಾವು ಫೋನ್ ಕೂಡ ಮಾಡುವುದಿಲ್ಲ.

ಅದೇ ಇಬ್ಬರು ಗೆಳೆಯರು ಮರುವರ್ಷ ಜುಲೈನಲ್ಲಿ ಬಂದಾಗ ಕಡ್ಡಿ ಮುಳುಗಿತು. ಬೇಜಾರಾಯಿತು, ನಿಜ. ಅಕ್ಕನ ಮನೆಯಲ್ಲಿ ಪತ್ರೊಡೆ ತಿಂದು ಹೊರಟರು. ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದರು. ಒಂಬತ್ತು ಮೆಟ್ಟಿಲು, ಕಡ್ಡಿಯ ಬುಡ ಎರಡು ಬೆರಳು ಒಣಗಿತ್ತು. ಅರ್ಧ ದಾರಿಯಲ್ಲಿ ನಿಂತು ಇನ್ನೊಂದು ಕಡ್ಡಿ ನೆಟ್ಟು ಹತ್ತು ನಿಮಿಷ ಕಾದೆವು. ಅದೂ ಒಣಗಿತು. ಹನ್ನೆರಡಕ್ಕೆ ಕೆಳಗಿನ ಸಂಕದ (ಸೇತುವೆಯ) ಹತ್ತಿರ ಹತ್ತಿ ಅಕ್ಕನಿಗೆ ಫೋನ್ ಮಾಡಿದೆ, ಮೂರೂ ಜನ ದಂಡೆ ಮೇಲಿದ್ದೇವೆ ಎಂದು.