ಚೀಲ ಮೊದಲು, ನಾವು ಆಮೇಲೆ

ನನಗೆ 66, ನಮ್ಮವರಿಗೆ 71. ಹೋದ ವರ್ಷ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಕಾಡುಹಾದಿಯಲ್ಲಿ ಸುಮಾರು 7 ಕಿಲೋಮೀಟರ್ ನಡೆದು, ಎರಡು ರಾತ್ರಿ ಟೆಂಟಿನಲ್ಲಿ ಮಲಗಿ, ಹೋದ ಹಾದಿಯಲ್ಲೇ ವಾಪಸ್ ಬಂದೆವು. ಯಾರಿಗೂ ಒಂದು ತರಚು ಗಾಯ ಕೂಡ ಆಗಲಿಲ್ಲ. ಹೋಗುವಾಗ ಹಾದಿಗೆ ಅಡ್ಡ ಸಿಕ್ಕಿದ್ದು ಒಟ್ಟು 23. ಬಿದ್ದ ಮರ, ಬಂಡೆ, ಹಳ್ಳ, ಕೆಸರು, ಜಾರುವ ಜಲ್ಲಿ, ಎಲ್ಲ ಸೇರಿ. ಲೆಕ್ಕ ನನ್ನದಲ್ಲ, ಒಂಬತ್ತು ವರ್ಷದ ಮೊಮ್ಮಗಳದ್ದು. ಒಂದೊಂದು ಸಿಕ್ಕಾಗಲೂ "ಅಜ್ಜೀ, ಹದಿನಾಲ್ಕು ಬಂತು!" ಅಂತ ಕೂಗಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದಳು.

ಇಷ್ಟು ಹೇಳಿಕೊಳ್ಳುವುದಕ್ಕೆ ಕಾರಣ ಇದೆ. ಅದಕ್ಕೂ ಮುಂಚೆ ಎರಡು ಸಲ ಹೋಗಿ ಎರಡು ಸಲವೂ ಅರ್ಧ ದಾರಿಯಿಂದ ತಿರುಗಿ ಬಂದಿದ್ದೆವು. ಎರಡನೇ ಸಲ ಆದಮೇಲೆ ಮಗ, "ಅಮ್ಮಾ, ಇನ್ಮೇಲೆ ಕಾರು ಹೋಗೋ ಜಾಗದಲ್ಲೇ ಟೆಂಟ್ ಹಾಕೋಣ" ಅಂದ. ನನ್ನ ನಾದಿನಿಯಂತೂ, "ಈ ವಯಸ್ಸಲ್ಲಿ ಮೂಳೆ ಮುರ್ಕೊಂಡ್ರೆ ನೋಡೋರ್ಯಾರು ಅತ್ತಿಗೆ?" ಅಂತ ಸಿಕ್ಕಿದಾಗೆಲ್ಲ ಕೇಳುತ್ತಿದ್ದಳು. ಮೂರನೇ ಸಲ ನಾನು ಹೊಸ ವಿಧಾನ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದು ಇಷ್ಟೇ: ಮರ, ಬಂಡೆ ಯಾವುದನ್ನೂ ನಿಂತುಕೊಂಡು ದಾಟಬಾರದು. ಚೀಲ ಇಳಿಸು, ಕೂತ್ಕೋ, ತಿರುಗು, ಆಮೇಲೆ ದಾಟು.

ಟೆಂಟ್, ಸ್ಟೌ, ಮಲಗುವ ಚೀಲದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ನಿಮಗೆ ಗೊತ್ತಿರುತ್ತದೆ.

ಮೊದಲ ಸಲದ ಕಥೆ ಚಿಕ್ಕದು. ಎರಡು ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಸೊಂಟದೆತ್ತರಕ್ಕೆ ಒಂದು ಮರ ಅಡ್ಡ ಬಿದ್ದಿತ್ತು. ನಮ್ಮವರ ಬೆನ್ನ ಮೇಲೆ ಸುಮಾರು 14 ಕಿಲೋ. "ಇದೇನ್ ಮಹಾ" ಅಂತ ಒಂದು ಕಾಲು ಆಚೆ ಹಾಕಿದರು. ಇನ್ನೊಂದು ಈಚೆಯೇ ಉಳಿಯಿತು. ಅಲ್ಲೇ ತೊಡೆ ಹಿಡಿದುಕೊಂಡಿತು. ಹಿಂದೆ ಬರಲು ಆಗದು, ಮುಂದೆ ಹೋಗಲು ಆಗದು. ಅಷ್ಟರಲ್ಲಿ ಚೀಲ ಒಂದು ಪಕ್ಕಕ್ಕೆ ವಾಲಿತು, ಅವರೂ ಅದರ ಜೊತೆಗೇ ವಾಲಿದರು. ಮೊಣಕಾಲಿನ ಕೆಳಗೆ ಅಂಗೈ ಉದ್ದ ಚರ್ಮ ಕಿತ್ತುಬಂತು. ಒಂದು ಮರಕ್ಕೆ ಇಪ್ಪತ್ತು ನಿಮಿಷ ಹೋಯಿತು, ಅವತ್ತಿನ ಕ್ಯಾಂಪೂ ಹೋಯಿತು.

ಅದರಿಂದ ನಾವು ಕಲಿತ ಪಾಠ ತಪ್ಪು. ಸಾಮಾನು ಸರಿ ಇಲ್ಲ ಅಂದುಕೊಂಡೆವು. ಅಂಗಡಿಗೆ ಹೋದೆವು.

ಸುರಿದ ದುಡ್ಡನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಡೆಯುವಾಗ ಊರುವ ಕಾರ್ಬನ್ ಕೋಲು ಹಗುರ ಅಂತ ಅಲ್ಯೂಮಿನಿಯಂ ಕೋಲಿನ ಮೂರು ಪಟ್ಟು ಕೊಟ್ಟು ತಂದೆವು. ಎರಡನೇ ಸಲ ಹೋದಾಗ ಒಂದರ ತುದಿ ಎರಡು ಕಲ್ಲಿನ ಸಂದಿಗೆ ಸಿಕ್ಕಿತು, ನಾನು ಪಕ್ಕಕ್ಕೆ ಭಾರ ಬಿಟ್ಟೆ, ಟಪ್ ಅಂತ ಎರಡು ತುಂಡು. ಅಲ್ಯೂಮಿನಿಯಂ ಆಗಿದ್ದರೆ ಬಾಗುತ್ತಿತ್ತು, ಮಂಡಿಗೆ ಒತ್ತಿ ನೆಟ್ಟಗೆ ಮಾಡಿ ಮನೆವರೆಗಾದರೂ ತರಬಹುದಿತ್ತು. ಮಂಡಿಗೆ ಹಾಕುವ ಪಟ್ಟಿ ಎರಡು ಜೊತೆ ತಂದೆವು. ಅರ್ಧ ಗಂಟೆಯಲ್ಲಿ ಅವು ಜಾರಿ ಹರಡಿನ ಹತ್ತಿರ ಕೂತಿದ್ದವು. ನೀರು ಒಳಗೆ ಬಿಡದ ಶೂ ಅಂತ ಇನ್ನೊಂದು ಖರ್ಚು. ಹಳ್ಳದಲ್ಲಿ ಮೇಲಿಂದ ನೀರು ತುಂಬಿಕೊಂಡ ಮೇಲೆ ಅದು ಹೊರಗೂ ಬಿಡುವುದಿಲ್ಲ ಅನ್ನುವುದು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಒಟ್ಟು ಖರ್ಚಲ್ಲಿ ಮುಕ್ಕಾಲು ಪಾಲು ಈಗ ಅಟ್ಟದ ಮೇಲಿದೆ.

ನಮ್ಮವರು ಮಾತ್ರ ಹೊಸ ಶೂ ಬೇಡ ಅಂದರು. ಒಂಬತ್ತು ವರ್ಷದ ಹಿಂದೆ ತಗೊಂಡು ನಾಲ್ಕೈದು ಸಲ ಹಾಕಿ ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಟ್ಟಿದ್ದ ಜೊತೆ ಇತ್ತು. ನೋಡಲು ಹೊಸದರಂತೆಯೇ ಇತ್ತು. ಮೂರನೇ ಕಿಲೋಮೀಟರಿನಲ್ಲಿ ಎಡಗಾಲಿನ ಅಡಿ ಬಾಯಿ ಬಿಟ್ಟಿತು, ಹತ್ತು ನಿಮಿಷಕ್ಕೆ ಬಲಗಾಲಿನದೂ ಬಿಟ್ಟಿತು. ಶೂ ಅಡಿಯೊಳಗಿನ ಪಾಲಿಯುರಿಥೇನ್ ಪದರ ಬಳಸದೆ ಇಟ್ಟರೂ ಗಾಳಿಯ ತೇವಕ್ಕೇ ಹಳಸಿ ಪುಡಿಯಾಗುತ್ತದಂತೆ. ಹಳೇ ಜೊತೆ ಇದ್ದರೆ ಹೊರಡುವ ವಾರ ಮುಂಚೆ ಮನೆ ಸುತ್ತ ಹಾಕಿಕೊಂಡು ನಡೆದು ನೋಡಿ. ನಾವು ಟೆಂಟಿನ ಹಗ್ಗದಲ್ಲಿ ಅಡಿ ಕಟ್ಟಿಕೊಂಡು ಬಂದೆವು.

ಅದೇ ದಿನ ನಾನೂ ಬಿದ್ದೆ. ಬೇರಿನ ಮೆಟ್ಟಿಲು ಇಳಿಯುವಾಗ ಕಾಲು ಇಟ್ಟ ಜಾಗದಲ್ಲಿ ನೆಲವೇ ಇರಲಿಲ್ಲ. ನನ್ನ ಕನ್ನಡಕ ಪ್ರೋಗ್ರೆಸಿವ್, ಅಂದರೆ ಒಂದೇ ಗಾಜಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ. ಕೆಳಗೆ ನೋಡಿದರೆ ಓದುವ ಭಾಗದಿಂದ ನೋಡಿದ ಹಾಗೆ, ಪಾದದ ಹತ್ತಿರದ್ದೆಲ್ಲ ಮಸುಕು, ಆಳ ಗೊತ್ತೇ ಆಗುವುದಿಲ್ಲ. ಕೋಲಿನ ಪಟ್ಟಿಯೊಳಗೆ ಕೈ ತೂರಿಸಿದ್ದೆ. ಬೀಳುವಾಗ ಕೋಲು ಬಿಡಲು ಆಗದೆ ಹೆಬ್ಬೆರಳು ತಿರುಚಿಕೊಂಡಿತು. ಎರಡು ತಿಂಗಳು ಡಬ್ಬದ ಮುಚ್ಚಳ ತೆಗೆಯಲು ಬೇರೆಯವರನ್ನು ಕರೆಯಬೇಕಾಗಿತ್ತು. ಈಗ ಕಲ್ಲು, ಬೇರು, ನೀರು ಇರುವ ಕಡೆ ಪಟ್ಟಿಯೊಳಗೆ ಕೈ ಹಾಕುವುದಿಲ್ಲ. ದೂರದೃಷ್ಟಿಗೆ ಮಾತ್ರ ಅಂತ ಒಂದೇ ನಂಬರಿನ ಕನ್ನಡಕ ಮಾಡಿಸಿದೆ, ತೀರಾ ಸಾದಾ ಫ್ರೇಮ್. ಎಲ್ಲ ಖರ್ಚಿಗಿಂತ ಕಡಿಮೆಯದು ಅದು. ಜಾಸ್ತಿ ಕೆಲಸಕ್ಕೆ ಬಂದಿದ್ದೂ ಅದೇ.

ಈ ಕೂತು ದಾಟುವ ಐಡಿಯಾ ಎಲ್ಲಿಂದ ಬಂತು ಗೊತ್ತಾ? ಪಕ್ಕದ ಮನೆಯ ಮಗುವಿನಿಂದ. ಒಂದೂವರೆ ವರ್ಷ ಅದಕ್ಕೆ. ಮಂಚದ ಅಂಚಿಗೆ ಬರುತ್ತದೆ, ಒಂದು ಕ್ಷಣ ಕೂರುತ್ತದೆ, ತಿರುಗಿ ಹೊಟ್ಟೆ ಮೇಲೆ ಮಲಗುತ್ತದೆ, ಕಾಲು ಇಳಿಬಿಟ್ಟು ನೆಲ ಸಿಗುವವರೆಗೆ ಜಾರುತ್ತದೆ. ಬಿದ್ದಿದ್ದು ನಾನು ನೋಡಿಲ್ಲ. ಅದರ ಮೈಗೆ ಮಂಚ ಎಷ್ಟು ಎತ್ತರವೋ ನನ್ನ ಮಂಡಿಗೆ ಬಂಡೆ ಅಷ್ಟೇ ಎತ್ತರ ಅಲ್ವಾ ಅನಿಸಿತು.

ಮೊದಲು ಮನೆಯಲ್ಲೇ ನಾಲ್ಕು ತಿಂಗಳು ಅಭ್ಯಾಸ ಮಾಡಿದೆವು. ನೆಲದಿಂದ ಏಳುವುದು, ಮೊದಲು ಎರಡು ಕೈ ಊರಿ, ಆಮೇಲೆ ಒಂದು ಕೈ. ಕೊನೆಯ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸುವುದು. ಇಳಿಸುವುದೇ ಮುಖ್ಯ, ಹತ್ತುವುದು ಹೇಗೋ ಆಗುತ್ತದೆ. ಹಲ್ಲುಜ್ಜುವಾಗ ಒಂಟಿ ಕಾಲು. ಶುರುವಲ್ಲಿ ನಮ್ಮವರಿಗೆ ನಾಲ್ಕು ಸೆಕೆಂಡ್ ಆಗುತ್ತಿತ್ತು, ಕೊನೆಗೆ ಹದಿನೈದು ದಾಟಿತು. ನನಗೆ ಎಷ್ಟು ಅಂತ ಹೇಳಿದರೆ ಅವರಿಗೆ ಬೇಜಾರಾಗುತ್ತದೆ.

ಇನ್ನು ಮರ. ಈಗ ಮರ ಬಂತು ಅಂದರೆ ಎಲ್ಲರೂ ನಿಲ್ಲುತ್ತೇವೆ. ಸುತ್ತಿ ಹೋಗಬಹುದಾ, ಕೆಳಗೆ ನುಸುಳಬಹುದಾ ಅಂತ ಮೊಮ್ಮಗ ನೋಡಿ ಬರುತ್ತಾನೆ. ಹದಿಮೂರು ವರ್ಷ, ಸುಮ್ನೆ ನಿಲ್ಲು ಅಂದರೆ ಆಗದ ವಯಸ್ಸು, ಈ ಕೆಲಸಕ್ಕೆ ಸರಿಯಾದ ಆಳು. ಮೇಲಿಂದಲೇ ಹೋಗಬೇಕು ಅಂದರೆ ಮೊದಲು ಚೀಲಗಳು. ಮಗ ಆಚೆ ನಿಂತು ತಗೊಳ್ಳುತ್ತಾನೆ. ಆಮೇಲೆ ಕೋಲುಗಳು. ಆಮೇಲೆ ನಾವು ಮರಕ್ಕೆ ಬೆನ್ನು ಹಾಕಿ, ಕುರ್ಚಿಯಲ್ಲಿ ಕೂರುವ ಹಾಗೆ ಕೂತು, ಎರಡೂ ಕಾಲು ಎತ್ತಿ, ಕೂತಲ್ಲೇ ತಿರುಗಿ ಆಚೆ ಇಳಿಬಿಡುವುದು. ಕಾಲನ್ನು ಬೀಸಿ ಹಾಕುವ ಪ್ರಶ್ನೆಯೇ ಇಲ್ಲ. ಕಾಂಡ ಅಲುಗಾಡುತ್ತಿದ್ದರೆ, ಬಾಗಿದ ಕೊಂಬೆಯ ಮೇಲೆ ಬಿಗಿಯಾಗಿ ಕೂತಿದ್ದರೆ ಮುಟ್ಟುವುದೇ ಇಲ್ಲ, ಸುತ್ತಿಯೇ ಹೋಗುತ್ತೇವೆ.

ಇಳಿದ ಮೇಲೆ ಹತ್ತರವರೆಗೆ ಎಣಿಸಿ ಆಮೇಲೆ ಹೆಜ್ಜೆ. ನಮ್ಮವರು ಬಿಪಿ ಮಾತ್ರೆ ತಗೊಳ್ಳುತ್ತಾರೆ, ಕೂತು ತಟ್ಟನೆ ಎದ್ದರೆ ತಲೆ ತಿರುಗುತ್ತದೆ. ಬರೀ ಈ ಹತ್ತರ ಎಣಿಕೆಗೆ ಮನೆಯಲ್ಲಿ ಎಷ್ಟು ಜಗಳ ಆಗಿದೆ ಅಂದರೆ!

ಕೂರಲು ನನ್ನ ಪ್ಯಾಂಟಿನ ಹಿಂದೆ ಸ್ಪಂಜಿನ ಚಾಪೆಯ ತುಂಡು ಇದೆ. ಟೆಂಟಿನಲ್ಲಿ ಹಾಸುವ ಚಾಪೆಯನ್ನೇ ಕತ್ತರಿಸಿದ್ದು, ಖರ್ಚು ಸೊನ್ನೆ. ಒದ್ದೆ ಮರ, ಒರಟು ಬಂಡೆ, ಏನಿದ್ದರೂ ಕೂತು ಜಾರಬಹುದು. ನಡೆಯುವಾಗ ಅಡ್ಡ ಬರದೆ, ಕೂತಾಗ ಸರಿಯಾಗಿ ಕೆಳಗೇ ಬರುವ ಹಾಗೆ ಅದನ್ನು ನಿಲ್ಲಿಸುವುದಕ್ಕೆ ಒಂದು ಉಪಾಯ ಇದೆ. ಐದು ಸಲ ಕೆಡಿಸಿ ಆರನೇ ಸಲಕ್ಕೆ ಬಂದಿದ್ದು. ಅದು ನನ್ನ ಹತ್ರಾನೇ ಇರಲಿ.

ಬಂಡೆ ಇಳಿಯುವುದು ಆ ಮಗುವಿನ ಹಾಗೆಯೇ. ಮುಖ ಬಂಡೆ ಕಡೆ, ಎರಡು ಕೈ ಎರಡು ಕಾಲಲ್ಲಿ ಮೂರು ಯಾವಾಗಲೂ ಅಂಟಿಕೊಂಡಿರಬೇಕು. ಕೆಳಗೆ ನಿಂತ ಸೊಸೆ "ಅತ್ತೆ, ಇನ್ನು ನಾಲ್ಕು ಬೆರಳು, ಎಡಕ್ಕೆ" ಅಂತ ಹೇಳುತ್ತಾಳೆ. ಮುಟ್ಟುವುದಿಲ್ಲ, ಎಳೆಯುವುದಿಲ್ಲ. ಕೈ ಹಿಡಿದು ಎಳೆಯುವವರಿಂದಲೇ ನಾನು ಜಾಸ್ತಿ ಸಲ ತೂಕ ತಪ್ಪಿದ್ದು.

ಹಳ್ಳದ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಮೊದಲ ಟ್ರಿಪ್ಪಿಗೇ ಮಗ ಹಗ್ಗ ತಂದಿದ್ದ, ಸೊಂಟಕ್ಕೆ ಕಟ್ಟಿ ದಾಟಿಸುತ್ತೇನೆ ಅಂದ. ಬೇಡವೇ ಬೇಡ ಕಣೋ ಅಂದೆ. ಬಿದ್ದರೆ ಹಗ್ಗ ಹಿಡಿದು ನಿಲ್ಲಿಸಿಬಿಡುತ್ತದೆ, ನೀರು ಮೇಲಿಂದ ಒತ್ತಿ ಮುಳುಗಿಸುತ್ತದೆ. ಕಿರಿದಾದ ಜಾಗ ನೋಡಿ ಆಸೆಪಡಬೇಡಿ, ಅಲ್ಲಿ ಆಳ ಮತ್ತು ಸೆಳೆತ ಎರಡೂ ಜಾಸ್ತಿ. ಅಗಲವಾಗಿ ಹರಡಿದ ಕಡೆ ನೀರು ತೆಳು. ಒಂದು ಕಡ್ಡಿ ಎಸೆದು ನೋಡುತ್ತೇವೆ, ನಮ್ಮ ನಡಿಗೆಗಿಂತ ಜೋರಾಗಿ ಹೋದರೆ ದಾಟುವುದಿಲ್ಲ. ಮಂಡಿ ದಾಟುವ ನೀರಾದರೂ ಇಲ್ಲ. ಇಲ್ಲಿ ಚೀಲಗಳನ್ನು ಮಗನೇ ಎರಡು ಮೂರು ಸುತ್ತು ಹಾಕಿ ಒಯ್ಯುತ್ತಾನೆ, ಸೊಂಟದ್ದೂ ಎದೆಯದ್ದೂ ಬಕಲ್ ಬಿಚ್ಚಿಕೊಂಡು. ಬಿದ್ದರೆ ಚೀಲ ಕಳಚಿ ಹೋಗಲಿ, ಮಗ ಉಳಿಯಲಿ. ನಾವು ಬೆನ್ನ ಮೇಲೆ ಏನೂ ಇಲ್ಲದೆ ಹೋಗುತ್ತೇವೆ. ನೀರು ಬರುವ ಕಡೆ ಮುಖ, ಕೋಲು ಮುಂದೆ ಊರಿ ಮೂರನೇ ಕಾಲಾಗಿ, ಅಡ್ಡಡ್ಡಲಾಗಿ ಸಣ್ಣ ಸಣ್ಣ ಹೆಜ್ಜೆ. ಶೂ ಬಿಚ್ಚುವುದಿಲ್ಲ, ಸಾಕ್ಸ್ ಮಾತ್ರ ತೆಗೆದಿಡುತ್ತೇವೆ. ಈಗ ನಮ್ಮಿಬ್ಬರದೂ ಜಾಳಿಗೆಯ ಶೂ, ಬೇಗ ನೀರು ಬಿಡುತ್ತದೆ.

ಕೆಸರಿಗೆ ಹೇಳುವಂಥದ್ದೇನೂ ಇಲ್ಲ. ನಡುವೆಯೇ ನಡೆಯಿರಿ. ಅಂಚಲ್ಲಿ ಹೋದರೆ ಜಾರುವುದೂ ಅಲ್ಲೇ, ಹಾದಿ ಅಗಲವಾಗಿ ಹಾಳಾಗುವುದೂ ಅಲ್ಲೇ. ಜಲ್ಲಿ ಇಳಿಜಾರಿನಲ್ಲಿ ಒಬ್ಬರ ನೇರ ಮೇಲೆ ಇನ್ನೊಬ್ಬರು ಇರಬಾರದು, ಅಷ್ಟೇ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಶೂ ಮೇಲೆ ಸಾಕ್ಸ್ ಹಾಕಿಕೊಂಡರೆ ಮಂಜುಗಡ್ಡೆಯ ಮೇಲೆ ಜಾರುವುದು ಕಡಿಮೆ ಅಂತ ನ್ಯೂಜಿಲೆಂಡಿನವರು ಪರೀಕ್ಷೆ ಮಾಡಿ ತೋರಿಸಿ, 2010ರಲ್ಲಿ ಇಗ್ ನೊಬೆಲ್ ಬಹುಮಾನ ಕೂಡ ತಗೊಂಡಿದ್ದಾರೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಪಾಚಿ ಕಲ್ಲಿಗೂ ಆಗುತ್ತದಾ ಅಂತ ಮನೆ ಹಿತ್ತಲಿನ ಪಾಚಿ ಹಿಡಿದ ಕಲ್ಲಿನ ಮೇಲೆ ಹಳೇ ಉಣ್ಣೆ ಸಾಕ್ಸ್ ಹಾಕಿ ನಿಂತೆ. ನಿಜವಾಗಿಯೂ ಹಿಡಿತ ಸಿಕ್ಕಿತು. ಕಾಡಲ್ಲಿ ಮಾತ್ರ ಇನ್ನೂರು ಮೀಟರಿಗೇ ಹಿಮ್ಮಡಿ ಹರಿಯಿತು, ಕೆಸರು ಮೆತ್ತಿಕೊಂಡ ಮೇಲೆ ಮೊದಲಿಗಿಂತ ಕಡೆ. ಹಳ್ಳದ ಹತ್ತಿರ ಹಾಕಿ ದಾಟಿದ ತಕ್ಷಣ ತೆಗೆಯುವುದಾದರೆ ನಡೆಯುತ್ತದೆ. ಕೋಲಿನ ರಬ್ಬರ್ ತುದಿಯನ್ನೂ ಹೀಗೇ ನೋಡಿದೆ. ಒಣ ಬಂಡೆಗೆ ರಬ್ಬರ್, ಮಣ್ಣಿಗೆ ಲೋಹದ ತುದಿ. ಪಾಚಿ ಕಲ್ಲಿಗೆ ಎರಡನ್ನೂ ನಂಬಬೇಡಿ.

ಸಮಯದ ಲೆಕ್ಕಕ್ಕೆ ಜಗಳ ಆಡಿದ್ದು ಮಗ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಅವನದು: ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ 7 ಕಿಲೋಮೀಟರಿಗೆ, ಸುಮಾರು 400 ಮೀಟರ್ ಏರಿಗೆ, ಅದರಂತೆ ಎರಡು ಗಂಟೆ. ನಾನು ಅದನ್ನು ಎರಡರಿಂದ ಗುಣಿಸಿ, ಕಿಲೋಮೀಟರಿಗೆ ಮೂರು ಅಡ್ಡಿ, ಒಂದಕ್ಕೆ ಮೂರು ನಿಮಿಷ ಅಂತ ಸೇರಿಸಿದೆ. ಐದು ಗಂಟೆಯ ಮೇಲೆ ಬಂತು. "ಅಮ್ಮಾ, ಅಷ್ಟೊತ್ತಾ!" ಅಂದ. ತಲುಪಿದಾಗ ಹತ್ತು ನಿಮಿಷ ಆಚೀಚೆ ಅಷ್ಟೇ. ಅವಸರ ಇಲ್ಲದಿದ್ದರಿಂದ ಕೊನೆಯ ಒಂದು ಕಿಲೋಮೀಟರಿನಲ್ಲೂ ಯಾರೂ ಎಡವಲಿಲ್ಲ. ಚೀಲಗಳೂ ಹಗುರವಾಗಿದ್ದವು, ನಮ್ಮವರದು 7 ಕಿಲೋ, ನನ್ನದು 5.

ಒಂದು ಅಡ್ಡಿಯನ್ನು ಮಾತ್ರ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಮೊದಲ ರಾತ್ರಿ ಎರಡು ಗಂಟೆಗೆ ಎದ್ದು ಹೊರಗೆ ಹೋದವಳು ನಮ್ಮದೇ ಟೆಂಟಿನ ಹಗ್ಗಕ್ಕೆ ಎಡವಿದೆ. ಇಪ್ಪತ್ತಮೂರು ದಾಟಿ ಬಂದವಳು! ಪುಣ್ಯಕ್ಕೆ ಸೊಸೆಯ ಟೆಂಟಿನ ಮೇಲೆ ಬಿದ್ದೆ, ಮೆತ್ತಗಿತ್ತು. ಮಾರನೇ ದಿನ ಹಗ್ಗಕ್ಕೆಲ್ಲ ಬಿಳಿ ಬಟ್ಟೆಯ ಚೂರು ಕಟ್ಟಿದೆ. ಮೊಮ್ಮಗಳು ಪುಸ್ತಕದಲ್ಲಿ 24 ಅಂತ ಬರೆದು ಪಕ್ಕದಲ್ಲಿ "ಅಜ್ಜಿ, ರಾತ್ರಿ" ಅಂತ ಸೇರಿಸಿದ್ದಾಳೆ.

ದಿಮ್ಮಿ ಸೇತುವೆ ನನಗಿನ್ನೂ ಬಗೆಹರಿದಿಲ್ಲ. ಕುದುರೆ ಮೇಲೆ ಕೂತ ಹಾಗೆ ಕೂತು ಜರುಗುತ್ತಾ ಒಂದು ಸಲ ದಾಟಿದೆ, ಆದರೆ ಅರ್ಧದಲ್ಲಿ ಕೊಂಬೆಯ ಬುಡವೊಂದು ಎದ್ದು ನಿಂತಿದ್ದರೆ ಏನು ಮಾಡಬೇಕು ತಿಳಿಯದು. ಬರುವ ಸಲಕ್ಕೆ ನೋಡಬೇಕು. ಬರುವ ಸಲ ನಾದಿನಿಯೂ ಬರುತ್ತಾಳಂತೆ. ಮೊನ್ನೆ ಫೋನ್ ಮಾಡಿ, ಸುತ್ತಿ ಬಳಸಿ ಎಲ್ಲ ಮಾತಾಡಿ, ಕೊನೆಗೆ, "ಅತ್ತಿಗೆ, ಆ ಚಾಪೆ ಜಾರದ ಹಾಗೆ ಹೇಗೆ ನಿಲ್ಲಿಸಿದ್ರಿ?" ಅಂತ ಕೇಳಿದಳು.

ಇನ್ನೂ ಹೇಳಿಲ್ಲ.