4831 ಅಂದರೆ ಯಾವ 4831?

2021ರ ಶುರುವಿನಲ್ಲಿ, ಟೆಕ್ಸಾಸ್‌ನ ನಮ್ಮ ಊರಿನ ಬಂದೂಕು ಅಂಗಡಿಯಲ್ಲಿ ಕೋವಿಮದ್ದಿನ ಕಪಾಟು ಭಣಗುಡುತ್ತಿತ್ತು. ಕೋವಿಡ್ ಬಂದ ಮೇಲೆ ಸಿಕ್ಕಸಿಕ್ಕವರೆಲ್ಲ ಬಂದೂಕು ಕೊಂಡಿದ್ದರು. ತೋಟೆಗೆ ಬರ ಬಂತು. ತೋಟೆ ಸಿಗದವರು ಮನೆಯಲ್ಲೇ ರೀಲೋಡ್ ಮಾಡಲು, ಅಂದರೆ ಸುಟ್ಟ ತೋಟೆಯನ್ನು ಮತ್ತೆ ತುಂಬಲು ಹೊರಟರು. ಆಮೇಲೆ ಮದ್ದಿಗೂ ಬರ. ನಾನು ರಿವಾಲ್ವರಿಗೆ ಬಳಸುತ್ತಿದ್ದ ವಿಂಚೆಸ್ಟರ್ 231 ಅನ್ನುವ ಮದ್ದು ಎಲ್ಲೂ ಇರಲಿಲ್ಲ. ಹೀಗೆ ಬದಲಿ ಹುಡುಕಲು ಹೋಗಿ, 4831 ಅನ್ನುವ ನಂಬರಿನ ರೈಫಲ್ ಮದ್ದಿನಲ್ಲಿ ನಾನು ಎಡವುವುದರಲ್ಲಿದ್ದೆ.

ನನ್ನೂರು ಸುಳ್ಯದ ಕಡೆ. ಅಡಿಕೆ ತೋಟಕ್ಕೆ ನುಗ್ಗುವ ಹಂದಿ, ಮಂಗನ ಕಾಟಕ್ಕೆ ಅಪ್ಪನ ಹತ್ತಿರ ಲೈಸೆನ್ಸ್ ಕೋವಿ ಇದೆ. ಚುನಾವಣೆ ಬಂತೆಂದರೆ ಅದು ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ. ನನಗೆ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಇಲ್ಲಿ ಒಂದು ರಿವಾಲ್ವರ್ ಮತ್ತು ಹಂದಿ ಬೇಟೆಗೆ .30-06 ಅನ್ನುವ ತೋಟೆಯ ಒಂದು ರೈಫಲ್ ಕೊಂಡೆ. ಇಲ್ಲೂ ಕಾಡುಹಂದಿಯೇ! ಸ್ವಂತಕ್ಕೆ ತೋಟೆ ತುಂಬಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನು ಲೈಸೆನ್ಸ್ ಕೇಳುವುದಿಲ್ಲ ಅಂದಾಗ ಅಪ್ಪ ನಂಬಲೇ ಇಲ್ಲ. "ಪೊಲೀಸರು ಬರುದಿಲ್ವಾ?" ಅಂತ ಎರಡು ಸಲ ಕೇಳಿದರು. ಅವರ ಪ್ರಶ್ನೆ ಸರಿಯೇ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವಂತಿಲ್ಲ. ಹಾಗಾಗಿ ಇದು ಅಮೆರಿಕದ ಕತೆ, ಊರಲ್ಲಿ ಯಾರೂ ಮಾಡಲು ಹೋಗಬೇಡಿ.

ಕೆಲಸ ಕೇಳಲು ಸುಲಭ. ಸುಟ್ಟ ಹಿತ್ತಾಳೆ ಕೇಸಿಗೆ (ತೋಟೆಯ ಖಾಲಿ ಚಿಪ್ಪು) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಹಾಕುವುದು, ಅಳೆದ ಮದ್ದು ಸುರಿಯುವುದು, ಗುಂಡು ಕೂರಿಸುವುದು. ಅಳತೆ ಗ್ರೇನ್‌ಗಳಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನನ್ನ ರಿವಾಲ್ವರಿನ .38 ಸ್ಪೆಷಲ್ ತೋಟೆಗೆ ಬೇಕಾಗುವುದು ನಾಲ್ಕೈದು ಗ್ರೇನ್ ಅಷ್ಟೆ, ಒಂದು ಚಿಟಿಕೆ. ಆ ಚಿಟಿಕೆಯಲ್ಲಿ ಅರ್ಧ ಗ್ರೇನ್ ಹೆಚ್ಚುಕಮ್ಮಿಯಾದರೂ ಲೆಕ್ಕಕ್ಕೆ ಬರುತ್ತದೆ.

ಅಂಗಡಿಯವನು ಎಚ್‌ಪಿ-38 ಅನ್ನುವ ಹಾಡ್ಜ್‌ಡನ್ ಕಂಪನಿಯ ಡಬ್ಬಿ ತೋರಿಸಿ, "231 ಥರವೇ, ತಗೊಂಡು ಹೋಗು" ಅಂದ. 'ಥರವೇ' ಅನ್ನುವ ಮಾತಿಗೆ ನಾನು ಹೆದರುತ್ತೇನೆ. ಮನೆಗೆ ಬಂದು ಕಂಪನಿಯದೇ ಲೋಡ್ ಕೋಷ್ಟಕ, ಅಂದರೆ ಯಾವ ತೋಟೆಗೆ ಯಾವ ಮದ್ದು ಎಷ್ಟು ಅನ್ನುವ ಪಟ್ಟಿ, ತೆರೆದು ನೋಡಿದೆ. ಆಮೇಲೆ ಗೊತ್ತಾಯಿತು, ಇದು ಥರ ಅಲ್ಲ, ಅದೇ ಮದ್ದು. ಫ್ಲಾರಿಡಾದ ಒಂದೇ ಕಾರ್ಖಾನೆಯ ಮಾಲು, ಎರಡು ಲೇಬಲ್. ಎಚ್110 ಮತ್ತು ವಿಂಚೆಸ್ಟರ್ 296 ಅನ್ನುವ ಮದ್ದುಗಳು ಕೂಡ ಹೀಗೇ ಒಂದೇ. ಆದರೂ ಹಳೆ ಅಳತೆಗೆ ನೇರ ಹಾರಲಿಲ್ಲ. ಒಂದೇ ಮದ್ದಿನಲ್ಲೂ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಕೆಳಗಿನ ಅಳತೆಯಿಂದ ಶುರು ಮಾಡಿ ಐದೈದು ತೋಟೆ ಹೊಡೆದು ಮೇಲೆ ಬಂದೆ. ಎಲ್ಲ ಸುಸೂತ್ರ.

ಆ ಸುಸೂತ್ರವೇ ನನ್ನ ತಲೆ ಕೆಡಿಸಿದ್ದು.

ಎರಡು ತಿಂಗಳಾದ ಮೇಲೆ ರೈಫಲ್ ಮದ್ದು ಮುಗಿಯಿತು. ಬಳಸುತ್ತಿದ್ದದ್ದು ಎಚ್4831. ಅಂಗಡಿಯಲ್ಲಿ ಇದ್ದದ್ದು ಐಎಂಆರ್ 4831. ನಂಬರ್ ಒಂದೇ. ಮಾರುವ ಕಂಪನಿಯೂ ಒಂದೇ, ಐಎಂಆರ್ ಹೆಸರನ್ನು ಹಾಡ್ಜ್‌ಡನ್ ಎಂದೋ ಕೊಂಡಾಗಿತ್ತು. ಇದೂ ಎಚ್‌ಪಿ-38ರ ಕತೆಯೇ ಅಂದುಕೊಂಡು ಡಬ್ಬಿ ತಂದೆ. ರಾತ್ರಿ ನನ್ನ ಹಳೆ ನೋಟ್‌ಬುಕ್ ತೆರೆದು, ಎಚ್4831ರ ಅಳತೆಗೆ ತಕ್ಕಡಿ ಹೊಂದಿಸಿದೆ. ಅದು ಮೇಲ್ಮಿತಿಗೆ ಹತ್ತಿರದ ಅಳತೆ. ಇಪ್ಪತ್ತು ಕೇಸಿಗೆ ಪ್ರೈಮರ್ ಹಾಕಿಯೂ ಆಗಿತ್ತು.

ಸುಮ್ನೆ, ಅಭ್ಯಾಸಬಲದಿಂದ, ಮದ್ದು ಸುರಿಯುವ ಮೊದಲು ಕೋಷ್ಟಕ ತೆರೆದೆ. ನನ್ನದೇ ಗುಂಡಿನ ತೂಕಕ್ಕೆ ಎರಡೂ ಮದ್ದಿಗೆ ಬೇರೆ ಬೇರೆ ಸಾಲು. ಐಎಂಆರ್ 4831ರ ಮೇಲ್ಮಿತಿ ನನ್ನ ನೋಟ್‌ಬುಕ್ಕಿನ ಅಳತೆಗಿಂತ ಕೆಳಗೆ! ಒಂದು ನಿಮಿಷ ಕೈ ಆಡಲಿಲ್ಲ. .30-06ಗೆ ಅಮೆರಿಕದ ತೋಟೆ ತಯಾರಕರ ಸಂಸ್ಥೆ ಇಟ್ಟಿರುವ ಒತ್ತಡದ ಮಿತಿ 60,000 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡು. ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ. ಆ ಒತ್ತಡ ನಿಲ್ಲುವ ಜಾಗ ನನ್ನ ಕೆನ್ನೆಯಿಂದ ಒಂದು ಗೇಣು ದೂರ.

ಒಂದೇ ನಂಬರ್ ಯಾಕೆ ಅಂತ ಆಮೇಲೆ ಹುಡುಕಿದೆ. ಎರಡನೇ ಮಹಾಯುದ್ಧದಲ್ಲಿ 20 ಮಿಲಿಮೀಟರ್ ಫಿರಂಗಿಗೆ ತಯಾರಿಸಿದ 4831 ಮದ್ದು ರಾಶಿಗಟ್ಟಲೆ ಮಿಕ್ಕಿತ್ತು. ಬ್ರೂಸ್ ಹಾಡ್ಜ್‌ಡನ್ ಅದನ್ನು ಸರ್ಕಾರದಿಂದ ಕೊಂಡು ಬೇಟೆಗಾರರಿಗೆ ಮಾರಿದರು. ಅದೇ ಹಾಡ್ಜ್‌ಡನ್ 4831. ಡುಪಾಂಟ್ ಕಂಪನಿ ಅದೇ ನಂಬರಿಟ್ಟು ಹೊಸದಾಗಿ ತಯಾರಿಸಿದ್ದು ಐಎಂಆರ್ 4831, ಅದು ಸ್ವಲ್ಪ ಬೇಗ ಉರಿಯುತ್ತದೆ, ಹಾಗಾಗಿ ಅದೇ ಅಳತೆಗೆ ಒತ್ತಡ ಜಾಸ್ತಿ. ಈಗಿನ ಎಚ್4831 ಆಸ್ಟ್ರೇಲಿಯಾದಿಂದ ಬರುತ್ತದೆ, ಐಎಂಆರ್ ಕೆನಡಾದಿಂದ. ಒಂದೇ ಇನಿಷಿಯಲ್ ಇರುವ ಇಬ್ಬರು ಭಟ್ಟರ ಥರ, ಹೆಸರು ನೋಡಿ ಮನೆ ಬಾಗಿಲು ತಟ್ಟಿದರೆ ಕೆಟ್ಟೆವು. 4350 ಅನ್ನುವ ಮದ್ದಿನಲ್ಲೂ ಇದೇ ಗೋಳು.

ಉರಿಯುವ ವೇಗದ ಪಟ್ಟಿ ಅಂತ ಒಂದಿದೆ. ಮದ್ದುಗಳನ್ನು ಚುರುಕಿನಿಂದ ನಿಧಾನಕ್ಕೆ ಸಾಲಾಗಿ ಬರೆದಿರುತ್ತಾರೆ. ಪಕ್ಕಪಕ್ಕದಲ್ಲಿದ್ದರೆ ಬದಲಿಗೆ ಬಳಸಬಹುದು ಅಂತ ಬಹಳ ಜನ ನಂಬಿದ್ದಾರೆ. ಅದು ಎಸ್‌ಎಸ್‌ಎಲ್‌ಸಿ ರ‍್ಯಾಂಕ್ ಪಟ್ಟಿ ಇದ್ದ ಹಾಗೆ. ಮೊದಲನೆಯವನಿಗೂ ಎರಡನೆಯವನಿಗೂ ಅಂತರ ಒಂದು ಅಂಕವೋ ಇಪ್ಪತ್ತೋ, ರ‍್ಯಾಂಕ್ ಹೇಳುವುದಿಲ್ಲ. ಅದೂ ಅಲ್ಲದೆ ಕೇಸ್ ಬದಲಾದರೆ, ಗುಂಡಿನ ತೂಕ ಬದಲಾದರೆ, ಸಾಲೇ ಹಿಂದುಮುಂದಾಗಬಹುದು. ಯಾವ ಮದ್ದನ್ನು ಹುಡುಕಬೇಕು ಅಂತ ಸುಳಿವು ಪಡೆಯಲು ಮಾತ್ರ ನಾನು ಆ ಪಟ್ಟಿ ನೋಡುತ್ತೇನೆ. ಅಳತೆ ಮಾತ್ರ ಆ ಮದ್ದು, ಆ ಗುಂಡು, ಆ ಕೇಸ್ ಮೂರಕ್ಕೂ ಹೊಂದುವ ಕೋಷ್ಟಕದಿಂದಲೇ. ಹೊಂದುವ ಸಾಲು ಸಿಗಲಿಲ್ಲವೇ, ಆ ಮದ್ದು ನನಗಲ್ಲ. ಇಲ್ಲಿ ನಾನು ಯಾವ ಮದ್ದಿಗೂ ಇಷ್ಟೇ ಅಂತ ಅಳತೆ ಬರೆಯದಿರುವುದು ಅದಕ್ಕೇ.

ಕಮ್ಮಿ ಹಾಕಿದರೆ ಯಾವಾಗಲೂ ಕ್ಷೇಮ ಅನ್ನುವುದೂ ಪೂರ್ತಿ ನಿಜವಲ್ಲ. ಸಾಮಾನ್ಯವಾಗಿ ಮೇಲ್ಮಿತಿಗಿಂತ ಶೇ. 10 ಕಡಿಮೆಯಿಂದ ಶುರು ಮಾಡುತ್ತೇವೆ. ಆದರೆ ಎಚ್110ಕ್ಕೆ ಶೇ. 3ಕ್ಕಿಂತ ಜಾಸ್ತಿ ಇಳಿಸಬೇಡಿ ಅಂತ ಕಂಪನಿಯೇ ಹೇಳುತ್ತದೆ. ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಬೀಳಬಹುದು. ಗೊತ್ತಾಗದೆ ಇನ್ನೊಂದು ಹೊಡೆದರೆ ಬಂದೂಕೂ ಹೋಯಿತು, ಕೈಯೂ ಹೋಯಿತು. .38 ಸ್ಪೆಷಲ್‌ದು ಬೇರೆ ತಾಪತ್ರಯ. ಕಪ್ಪು ಮದ್ದಿನ ಕಾಲದ ಕೇಸ್ ಅದು, ಒಳಗೆ ಜಾಗ ಧಾರಾಳ. ಟೈಟ್‌ಗ್ರೂಪ್‌ನಂಥ ಮದ್ದು ತಳದಲ್ಲಿ ಒಂಚೂರು ಕೂರುತ್ತದೆ. ಮರೆತು ಎರಡು ಸಲ ಸುರಿದರೂ ಚೆಲ್ಲುವುದಿಲ್ಲ, ಗೊತ್ತೇ ಆಗುವುದಿಲ್ಲ. ಆದ್ದರಿಂದ ಬದಲಿ ಹುಡುಕುವಾಗ, ಎರಡು ಸಲ ಬಿದ್ದರೆ ಹೊರಗೆ ಉಕ್ಕುವಷ್ಟು ಹರಡುವ ಮದ್ದೇ ನನಗೆ ಇಷ್ಟ. ಗುಂಡು ಕೂರಿಸುವ ಮೊದಲು ಐವತ್ತೂ ಕೇಸಿನೊಳಗೆ ಟಾರ್ಚ್ ಬಿಡುತ್ತೇನೆ. ಹೆಂಡತಿ ಅದಕ್ಕೆ ಮಂಗಳಾರತಿ ಅನ್ನುತ್ತಾಳೆ.

ಆ ಬರಗಾಲದಲ್ಲೇ ಪಕ್ಕದ ಬೀದಿಯ ಹಿರಿಯರೊಬ್ಬರು ಕಾಫಿ ಡಬ್ಬಿಯಲ್ಲಿ ಮದ್ದು ತಂದುಕೊಟ್ಟರು. "231 ಇರಬೇಕು, ನೀನು ಇಟ್ಟುಕೋ" ಅಂದರು. ಇರಬೇಕು! ಅವರಿಗೆ ಬೇಜಾರಾಗದಿರಲಿ ಅಂತ ತೆಗೆದುಕೊಂಡು, ಹುಲ್ಲಿನ ಮೇಲೆ ತೆಳ್ಳಗೆ ಎರಚಿಬಿಟ್ಟೆ. ಸಾರಜನಕ ಇರುವುದರಿಂದ ಗೊಬ್ಬರ ಆಗುತ್ತದೆ. ಡಬ್ಬಿ ಸರಿಯಾಗಿದ್ದರೂ, ಮುಚ್ಚಳ ತೆಗೆದಾಗ ಮೂಗಿಗೆ ಹುಳಿ ಘಾಟು ಹೊಡೆದರೆ ಅಥವಾ ಕೆಂಗಂದು ಧೂಳು ಕಂಡರೆ ಅದೂ ಹುಲ್ಲಿಗೇ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಅಳತೆ ಯಂತ್ರದಲ್ಲಿ ಮಿಕ್ಕ ಮದ್ದು ಅದೇ ಡಬ್ಬಿಗೆ ವಾಪಸ್ಸು, ಅದೇ ರಾತ್ರಿ.

ಐಎಂಆರ್ 4831ಗೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದೆ. ಕೋಷ್ಟಕದ ಆರಂಭದ ಅಳತೆ, ಐದು ತೋಟೆ. ಅರ್ಧ ಗ್ರೇನ್ ಮೇಲೆ, ಮತ್ತೆ ಐದು. ಪ್ರತಿ ಹೊಡೆತದ ನಂತರ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎತ್ತಲು ಬಿಗಿಯಾಯಿತಾ, ಪ್ರೈಮರ್ ಚಪ್ಪಟೆಯಾಯಿತಾ ಅಂತ ನೋಡಿದೆ. ಅವು ಕಂಡವೆಂದರೆ ಒತ್ತಡ ಆಗಲೇ ಮೀರಿರುತ್ತದೆ, ಕಾಣಲಿಲ್ಲ ಅಂತ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಮೂರನೇ ಮೆಟ್ಟಿಲಿನಲ್ಲಿ ಐದು ತೂತೂ ಒಂದು ಅಂಗೈಯಲ್ಲಿ ಮುಚ್ಚುವ ಹಾಗೆ ಬಿದ್ದವು. ಮೇಲ್ಮಿತಿಗೆ ಇನ್ನೂ ದೂರ ಇತ್ತು. ಹಂದಿಗೆ ಅಷ್ಟು ಸಾಕು ಅಂತ ಅಲ್ಲೇ ನಿಲ್ಲಿಸಿ, ಆ ಪುಟದ ನೆತ್ತಿಯಲ್ಲಿ 'ಐಎಂಆರ್' ಅಂತ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದೆ.